ಒಂಬೈನೂರ ಅರವತ್ತು ಬಲತೋಳುಗಳು

ಹಾಜರಿ ಪುಸ್ತಕದಲ್ಲಿ ಅವಳಿಗೆ ಬೇರೆ ಹೆಸರಿತ್ತು. ಸಿದ್ಧ ಉಡುಪಿನ ಆ ಕಾರ್ಖಾನೆಯ ಎರಡು ಮಹಡಿಯಲ್ಲೂ ಅವಳನ್ನು ಕರೆಯುತ್ತಿದ್ದದ್ದು ಅಡಿಪಟ್ಟಿ ಎಂದು. ಉದ್ದಕ್ಕೆ, ತೆಳ್ಳಗೆ, ನೆಟ್ಟಗೆ ಇದ್ದಳು ಎನ್ನುವುದು ಒಂದು ಕಾರಣ. ಬಟ್ಟೆಯ ಅಗಲವನ್ನು ಕಣ್ಣಳತೆಯಲ್ಲೇ ಹೇಳುತ್ತಿದ್ದಳು ಎನ್ನುವುದು ಇನ್ನೊಂದು. ನಂಬದವರು ಟೇಪು ಹಿಡಿದು ನೋಡಿ, ತಲೆದೂಗಿ ಟೇಪು ಸುತ್ತಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಅವಳ ಕೆಲಸ ಬಟ್ಟೆ ಹಾಸುವುದು. ಕೆಳಮಹಡಿಯಲ್ಲಿ ನಲವತ್ತು ಅಡಿ ಉದ್ದದ ಒಂದು ಮೇಜು. ಸುರುಳಿಯಿಂದ ಬಟ್ಟೆಯ ತುದಿ ಹಿಡಿದು ಆ ಕೊನೆಯವರೆಗೆ ನಡೆಯಬೇಕು, ಸುಕ್ಕು ತೀಡಬೇಕು, ಅಂಚಿಗೆ ಅಂಚು ಕೂಡಿಸಬೇಕು, ತುದಿ ಕತ್ತರಿಸಿ ಮತ್ತೆ ಈ ಕೊನೆಗೆ ಬರಬೇಕು. ಹೀಗೆ ಎಂಬತ್ತು ಪದರ ಕೂತರೆ ಒಂದು ಹಾಸು. ಅದರ ಮೇಲೆ ಅಂಗಿಯ ಭಾಗಗಳನ್ನೆಲ್ಲ ಬರೆದ ಕಾಗದ ಹರಡಿ, ನೆಟ್ಟಗೆ ನಿಂತ ಅಲಗಿನ ಕರೆಂಟು ಯಂತ್ರವನ್ನು ಗೆರೆಯ ಮೇಲೆ ನೂಕಿಕೊಂಡು ಹೋದರೆ ಎಂಬತ್ತು ಅಂಗಿಯ ಎಂಬತ್ತು ಬೆನ್ನು ಒಂದೇ ಏಟಿಗೆ ಕತ್ತರಿಸಿ ಬರುತ್ತವೆ. ಕೈ ಒಂದು ನೂಲು ಅಲುಗಿದರೆ ಎಂಬತ್ತೂ ಹಾಳು. ಆ ಯಂತ್ರ ಹಿಡಿಯುವವನೇ ಕಟಿಂಗ್ ಮಾಸ್ಟರ್. ಮೇಲಿನ ಮಹಡಿಯ ಮೂವತ್ತೆರಡು ಹೊಲಿಗೆ ಯಂತ್ರಗಳು ಅವನ ಕೈ ನೋಡಿಕೊಂಡು ಓಡುತ್ತವೆ. ಅವನು ಕೆಮ್ಮಿದರೂ ಮ್ಯಾನೇಜರ್ ನೀರು ತರಿಸುತ್ತಾರೆ.

ಹದಿನಾಲ್ಕು ವರ್ಷ ಅವಳು ಹಾಸಿದಳು, ಮಾಸ್ಟರ್ ಕತ್ತರಿಸಿದ. ಕಾಗದದ ಮೇಲೆ ಬರೆಯುವಾಗ ಅವನು ಅವಳಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದ. ವಿದ್ಯೆ ಕದ್ದಾರು ಎಂಬ ಭಯ. ಆದರೆ ಬೆನ್ನು ಮಾಡಿದರೆ ಕೈ ಮುಚ್ಚಬಹುದು, ಸದ್ದು ಮುಚ್ಚಲಾಗುವುದಿಲ್ಲ. ಅಲಗು ಮೊಂಡಾದರೆ ಯಂತ್ರದ ದನಿ ದಪ್ಪಗಾಗುತ್ತದೆ, ತಿರುವಿನಲ್ಲಿ ಅವಸರ ಮಾಡಿದರೆ ಕೀರಲಾಗುತ್ತದೆ ಎಂದು ಅವಳು ಕಿವಿಯಿಂದಲೇ ಕಲಿತಳು. ಕೊನೆಯ ಎರಡು ವರ್ಷ ಮಾಸ್ಟರ್ ತನಗೇ ತಿಳಿಯದೆ ಅವಳಿಗೆ ಒಂದು ಉಪಕಾರ ಮಾಡಿದ. ಎಣ್ಣೆ ಒರೆಸುವ ಚಿಂದಿ ಕತ್ತರಿಸುವುದು ತನ್ನ ಘನತೆಗೆ ಕಡಿಮೆ ಎಂದು ಆ ಕೆಲಸವನ್ನು ಅವಳ ತಲೆಗೆ ಕಟ್ಟಿದ. ಯಂತ್ರ ಅವಳ ಕೈಗೆ ಸಿಕ್ಕಿದ್ದು ಹಾಗೆ. ಚಿಂದಿಯನ್ನು ಚೌಕ ಕತ್ತರಿಸಿದರೆ ಸಾಕಿತ್ತು. ಅವಳು ಕತ್ತಿನ ಬಾಗು, ಕಂಕುಳ ಬಾಗು ಎಂದು ಸುತ್ತಿಸಿ ಕತ್ತರಿಸುತ್ತಿದ್ದಳು.

"ಇದೇನೇ ಅಡಿಪಟ್ಟಿ, ಎಣ್ಣೆ ಒರೆಸೋ ಬಟ್ಟೆಗೂ ಕತ್ತು ಇಟ್ಟಿದ್ದೀಯ! ಗುಂಡಿ ಒಂದು ಬಾಕಿ," ಎಂದು ಮೇಲಿನವರು ನಗುತ್ತಿದ್ದರು.

ಮನೆಯಲ್ಲಿ ಅವಳ ಬಟ್ಟೆ ಹಳೆಯ ಪತ್ರಿಕೆ. ಕೆಲಸ ಮುಗಿದ ಮೇಲೆ ಪತ್ರಿಕೆಯನ್ನು ನಡುವಿಗೆ ಮಡಚಿ ನೆಲದ ಮೇಲಿಟ್ಟು, ಮಗಳ ಪೆನ್ಸಿಲಿನಿಂದ ತೋಳು, ಬೆನ್ನು ಬರೆದು ಕತ್ತರಿಸುತ್ತಿದ್ದಳು. ಅತ್ತೆಗೆ ಪದಬಂಧ ಬಿಡಿಸುವ ಚಟ.

"ನಿನ್ನೆಯ ಪದಬಂಧ ಎಲ್ಲೇ?"

"ಬೆನ್ನಲ್ಲಿ ಹೋಯ್ತು ಅತ್ತೆ."

"ಅರ್ಧ ಬಿಡಿಸಿದ್ದೆ ಕಣೇ! ಎಡದಿಂದ ಬಲಕ್ಕೆ ಹನ್ನೊಂದನೇದು ಆಗಷ್ಟೇ ಹೊಳೆದಿತ್ತು."

ಇಷ್ಟೆಲ್ಲ ಯಾಕೆ ಎಂದರೆ, ಅದಕ್ಕೆ ಹಿಂದಿನದೊಂದು ಕಾರಣವಿತ್ತು. ಐದು ವರ್ಷದ ಕೆಳಗೆ ಮಾಸ್ಟರ್ ಕಾಲು ಮುರಿದುಕೊಂಡು ಒಂದು ತಿಂಗಳು ಮಲಗಿದ್ದ. ಮ್ಯಾನೇಜರ್ ಕೆಳಗಿಳಿದು ಬಂದು, "ಯಾರಿಗಾದ್ರೂ ಕತ್ತರಿಸೋಕೆ ಬರುತ್ತಾ?" ಎಂದು ಕೇಳಿದ್ದರು. ಅವಳು ನೆಲ ನೋಡಿದಳು. ಅವಳ ಎದುರು ನಿಂತು ಬಟ್ಟೆಯ ಇನ್ನೊಂದು ಅಂಚು ಹಿಡಿಯುತ್ತಿದ್ದವನು, ಅಂಚು ಕೂಡಿಸುವುದನ್ನು ಅವಳಿಂದಲೇ ಕಲಿತವನು, ಕೈ ಎತ್ತಿದ. ಮೊದಲ ವಾರ ಎರಡು ಹಾಸು ಕೆಡಿಸಿದ. ಮೂರನೆಯ ವಾರಕ್ಕೆ ಪಳಗಿದ. ಈಗ ಬೇರೆ ಕಡೆ ಅವನೇ ಮಾಸ್ಟರ್. ಅವನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ನೆಲ ನೋಡಿದ ಆ ಎರಡು ಗಳಿಗೆಯ ಮೇಲೆ ಇತ್ತು.

ಒಂದು ಶನಿವಾರ ಮಧ್ಯಾಹ್ನ ಮಾಸ್ಟರ್ ತನ್ನ ಕತ್ತರಿ, ಸೀಮೆಸುಣ್ಣ, ಹಳೆಯ ಕಾಗದಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡ. ದೊಡ್ಡ ಕಾರ್ಖಾನೆಯವರು ಕರೆದಿದ್ದರು.

"ಅಡಿಪಟ್ಟಿ, ನೀನೂ ಬಂದುಬಿಡು. ನಿನ್ನಂಗೆ ಹಾಸೋರು ಅಲ್ಲಿ ಇಲ್ಲ. ಸಂಬಳ ಇಲ್ಲಿಗಿಂತ ಜಾಸ್ತಿ ಕೊಡಿಸ್ತೀನಿ."

"ಹಾಸೋಕಾ ಮಾಸ್ಟರ್?"

"ಮತ್ತಿನ್ನೇನು, ಮೆರವಣಿಗೆ ಮಾಡೋಕಾ?"

"ಯೋಚನೆ ಮಾಡ್ತೀನಿ," ಎಂದಳು. ಅವಳು ಯೋಚನೆ ಮಾಡಿದ್ದು ನಿಜ. ಆದರೆ ಅವನು ಹೋಗುವ ಜಾಗದ ಬಗ್ಗೆ ಅಲ್ಲ, ಬಿಟ್ಟುಹೋಗುವ ಜಾಗದ ಬಗ್ಗೆ.

ಸಂಜೆ ಮನೆಯಲ್ಲಿ, ಮಾಸ್ಟರ್ ಜಾಗವನ್ನು ತನಗೇ ಕೇಳುತ್ತೇನೆ ಎಂದು ಹೇಳಿದಾಗ ಗಂಡ ಚಹಾ ಲೋಟ ಕೆಳಗಿಟ್ಟ. ಅವನು ಶಾಲೆಯ ವ್ಯಾನು ಓಡಿಸುವವನು. ರಸ್ತೆಯಲ್ಲೂ ಮಾತಿನಲ್ಲೂ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇರುವವನು.

"ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಗುತ್ತೆ ನೋಡು. ಮಾಸ್ಟರ್ ಜೊತೆ ಹೋದ್ರೆ ಗೊತ್ತಿರೋ ಕೆಲಸ, ಸಂಬಳವೂ ಜಾಸ್ತಿ. ಮನೆ ಬಾಡಿಗೆ ನಿನ್ನ ಸಂಬಳದಲ್ಲೇ ಹೋಗ್ತಿರೋದು, ಮರೀಬೇಡ."

"ಮರೆತಿಲ್ಲ ರೀ. ಅದಕ್ಕೇ ಕೇಳ್ತಿರೋದು. ಈ ಮಂಡಿ ಇಟ್ಕೊಂಡು ಇನ್ನೆಷ್ಟು ವರ್ಷ ಆ ಮೇಜಿನ ಸುತ್ತ ನಡೀಲಿ?"

"ಆಗದೇ ಹೋದ್ರೆ?"

ಮೂಲೆಯಲ್ಲಿ ಪದಬಂಧ ಹಿಡಿದಿದ್ದ ಅತ್ತೆ ಕನ್ನಡಕದ ಮೇಲಿಂದ ನೋಡಿದರು. "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಎಲ್ಲರೂ ಅಳ್ತಾರೆ. ಬಾಯಿ ತೆಗೆದಿದ್ರಾ ಅಂತ ಯಾರೂ ಕೇಳಲ್ಲ. ಹೋಗಿ ಕೇಳಲಿ ಬಿಡೋ. ನನ್ನ ಇಷ್ಟು ಪದಬಂಧ ತಿಂದಿದ್ದಾಳೆ, ಅದಾದ್ರೂ ದಕ್ಕಲಿ."

ಸೋಮವಾರ ಬೆಳಗ್ಗೆ ಅವಳು ಮ್ಯಾನೇಜರ್ ಕೋಣೆಯ ಬಾಗಿಲಲ್ಲಿ ನಿಂತಾಗ ಅವರು ಫೋನಿನಲ್ಲಿದ್ದರು. ಬೇರೆ ಊರಿನ ಒಬ್ಬ ಮಾಸ್ಟರನ್ನು ಗೋಗರೆಯುತ್ತಿದ್ದರು. ಅವನು ಹತ್ತು ದಿನ ಬಿಟ್ಟು ಬರುತ್ತೇನೆಂದ. ಮಕ್ಕಳ ಆಟದ ಟಿ-ಶರ್ಟು, ಒಂಬೈನೂರ ಅರವತ್ತು, ಶುಕ್ರವಾರ ನಾಲ್ಕು ಗಂಟೆಗೆ ಲಾರಿ ಹತ್ತಬೇಕಿತ್ತು.

"ಸಾರ್, ನಾನು ಕತ್ತರಿಸ್ತೀನಿ."

ಮ್ಯಾನೇಜರ್ ಫೋನು ಇಟ್ಟು ಅವಳ ಹಿಂದೆ ಇನ್ಯಾರಾದರೂ ಇದ್ದಾರೆಯೇ ಎಂದು ನೋಡಿದರು. "ಏನು ಕತ್ತರಿಸ್ತೀರಿ?"

"ಟಿ-ಶರ್ಟು."

"ಎಷ್ಟು ಕತ್ತರಿಸಿದ್ದೀರಿ ಇದುವರೆಗೂ?"

"ಬಟ್ಟೆಯಲ್ಲಿ ಒಂದೂ ಇಲ್ಲ. ಕಾಗದದಲ್ಲಿ ಎರಡು ವರ್ಷ. ಯಂತ್ರದಲ್ಲಿ ಚಿಂದಿ ಎರಡು ವರ್ಷ."

ಸುಳ್ಳು ಹೇಳಿದ್ದರೆ ಅವರಿಗೆ ಇಲ್ಲವೆನ್ನುವುದು ಸುಲಭವಾಗುತ್ತಿತ್ತು. ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಬೇರೆ ದಾರಿಯೂ ಇರಲಿಲ್ಲ.

"ನೋಡಮ್ಮಾ, ನೇರ ಹೇಳ್ತೀನಿ. ನೀವು ಯಂತ್ರ ಹಿಡಿದ್ರೆ ಹಾಸೋಕೆ ಇವತ್ತೇ ಬೇರೆಯವರನ್ನು ಹಾಕಬೇಕು. ಹಾಕಿದ ಮೇಲೆ ತೆಗೆಯಲ್ಲ. ಬಟ್ಟೆ ಕೆಟ್ಟರೆ ನಿಮಗೆ ಆ ಜಾಗವೂ ಇಲ್ಲ, ಈ ಜಾಗವೂ ಇಲ್ಲ. ಮನೆಯಲ್ಲಿ ಕೇಳಿ ಬರ್ತೀರಾ?"

"ಕೇಳಿಯೇ ಬಂದೆ ಸಾರ್."

ಹಾಸುವ ಜಾಗಕ್ಕೆ ಬಂದವಳು ಮೇಲೆ ಕೂತು ದಾರ ಕತ್ತರಿಸುತ್ತಿದ್ದ ಗುಂಡಕ್ಕ. ಮೈಯೂ ಗುಂಡಗೆ, ಮಾತೂ ಗುಂಡಿನಂತೆ. "ನೀನು ಮುಳುಗಿದ್ರೆ ನಾನೂ ಮುಳುಗ್ತೀನಿ ಅಂತ ಹೆದರಬೇಡ," ಎಂದಳು ಬಂದವಳೇ. "ನಾನು ತೇಲೋ ಜಾತಿ."

ಬಣ್ಣದ ಕಾರ್ಖಾನೆಯಿಂದ ನೀಲಿ ಬಟ್ಟೆಯ ಸುರುಳಿಗಳು ಮಧ್ಯಾಹ್ನ ಹನ್ನೆರಡಕ್ಕೆ ಬಂದವು. ಮ್ಯಾನೇಜರ್ ಕೆಳಗಿಳಿದು ಬಂದಾಗ ಅವಳು, ಗುಂಡಕ್ಕ ಸೇರಿ ಸುರುಳಿ ಬಿಚ್ಚಿ, ಬಟ್ಟೆಯನ್ನು ಸಡಿಲವಾಗಿ ಮಡಿಕೆ ಮಡಿಕೆಯಾಗಿ ಮೇಜಿನ ಮೇಲೆ ಸುರಿಯುತ್ತಿದ್ದರು.

"ಹಾಸೋದು ಬಿಟ್ಟು ಇದೇನು, ಒಣಗಿಹಾಕ್ತಿದ್ದೀರಾ?"

"ನಾಳೆ ಮಧ್ಯಾಹ್ನ ಹಾಸ್ತೀವಿ ಸಾರ್. ಒಂದು ದಿನ ಹೀಗೇ ಬಿಡಬೇಕು."

"ಒಂದು ದಿನ! ಯಾಕೆ, ಬಟ್ಟೆಗೆ ಪ್ರಯಾಣದ ಆಯಾಸವಾ?"

"ಹೌದು ಸಾರ್. ಇದು ಹೆಣಿಗೆ ಬಟ್ಟೆ, ಸುರುಳಿ ಸುತ್ತುವಾಗ ಎಳೆದು ಸುತ್ತಿರ್ತಾರೆ. ಎಳೆದಿದ್ದಾಗಲೇ ಕತ್ತರಿಸಿದ್ರೆ ಆಮೇಲೆ ತನ್ನ ಅಳತೆಗೆ ವಾಪಸ್ ಹೋಗುತ್ತೆ. ಹನ್ನೆರಡು ವರ್ಷದ ಮಗುವಿನ ಅಂಗಿ ಹತ್ತು ವರ್ಷದ್ದಾಗುತ್ತೆ."

"ನಾಳೆ ಬೆಳಗ್ಗೆ ಮೂವತ್ತೆರಡು ಯಂತ್ರ ಸುಮ್ಮನೆ ಕೂರಬೇಕಾ? ಮಾಸ್ಟರ್ ಯಾವತ್ತೂ ಹೀಗೆ ಹೇಳಿಲ್ಲ."

"ಹೇಳ್ತಿರಲಿಲ್ಲ, ಮಾಡ್ತಿದ್ರು. ಹಿಂದಿನ ದಿನವೇ ಬಿಚ್ಚಿ ಇಡಿಸ್ತಿದ್ರು. ಬಿಚ್ಚಿದ್ದು ಈ ಕೈಯೇ."

ಮ್ಯಾನೇಜರ್ ಮುಖ ಕೆಂಪಾಯಿತು. ಈಗಲೇ ಶುರು ಮಾಡಿ ಎಂದರು. ಅವಳು ಇನ್ನೂ ಬಿಚ್ಚದ ಸುರುಳಿಯಿಂದ ಉದ್ದಕ್ಕೆ ಸರಿಯಾಗಿ ಒಂದು ಮೀಟರು ಅಳೆದು, ಅವರ ಕಣ್ಣೆದುರೇ ಕತ್ತರಿಸಿ ಕೈಗೆ ಕೊಟ್ಟಳು. "ಇದನ್ನು ನಿಮ್ಮ ಮೇಜಿನ ಮೇಲೆ ಹರಡಿ ಇಡಿ ಸಾರ್. ಐದೂವರೆಗೆ ಅಳೆಯಿರಿ. ಆಗಲೂ ಒಂದು ಮೀಟರೇ ಇದ್ರೆ ನಾನು ಚೀಲ ತಗೊಂಡು ಹೋಗ್ತೀನಿ."

ಮ್ಯಾನೇಜರ್ ಮೆಟ್ಟಿಲು ಹತ್ತಿ ಹೋದ ಮೇಲೆ ಗುಂಡಕ್ಕ ಕೇಳಿದಳು, "ಹೌದೇನೇ, ಕುಗ್ಗೇ ಕುಗ್ಗುತ್ತಾ?"

"ಒಂದು ದಿನಕ್ಕೆ ಕುಗ್ಗುತ್ತೆ ಅಂತ ಗೊತ್ತು. ಐದೂವರೆ ಗಂಟೆಗೆ ಎಷ್ಟು ಕುಗ್ಗುತ್ತೆ ಅಂತ ಗೊತ್ತಿಲ್ಲ."

"ಮತ್ತೆ ಅಷ್ಟು ಜೋರಾಗಿ ಹೇಳಿದೆಯಲ್ಲ!"

"ಮೆಲ್ಲಗೆ ಹೇಳಿದ್ರೆ ಕೇಳ್ತಿದ್ರಾ?"

ಐದೂವರೆಗೆ ಅವಳು ಮೇಲೆ ಹೋಗಲಿಲ್ಲ. ಮ್ಯಾನೇಜರೇ ಮೆಟ್ಟಿಲಲ್ಲಿ ಅರ್ಧ ಇಳಿದು ನಿಂತರು. ಕೈಯಲ್ಲಿದ್ದ ತುಂಡು ಎರಡು ಬೆರಳಷ್ಟು ಮೋಟಾಗಿತ್ತು. "ನಾಳೆ ಮಧ್ಯಾಹ್ನ ಅಂದ್ರೆ ಹನ್ನೆರಡು ಗಂಟೆ. ಹನ್ನೆರಡೂಕಾಲು ಅಲ್ಲ," ಎಂದಷ್ಟೇ ಹೇಳಿ ಹತ್ತಿ ಹೋದರು.

ಮಂಗಳವಾರ ಬೆಳಗ್ಗೆಯನ್ನು ಅವಳು ಕಾಗದ ಬರೆಯಲು ಬಳಸಿದಳು. ಮುಂಭಾಗಕ್ಕೊಂದು, ಬೆನ್ನಿಗೊಂದು, ತೋಳಿಗೊಂದು ಎಂದು ಕಾರ್ಖಾನೆಯ ರಟ್ಟಿನ ಮಾದರಿಗಳು ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದವು. ಒಂದು ಹಾಸಿನಲ್ಲಿ ಪದರಕ್ಕೆ ಆರು ಅಂಗಿ. ಎಂಬತ್ತು ಪದರಕ್ಕೆ ನಾನೂರ ಎಂಬತ್ತು. ಎರಡು ಹಾಸಿಗೆ ಲೆಕ್ಕ ಮುಗಿಯುತ್ತದೆ. ಮಾದರಿಗಳನ್ನು ಒಂದರ ಸಂದಿಗೆ ಒಂದು ಕೂರಿಸುತ್ತ ಅವಳು ಬರೆದ ರೀತಿಯಲ್ಲಿ ಒಂದು ಗೇಣು ಬಟ್ಟೆಯೂ ದಂಡವಾಗುತ್ತಿರಲಿಲ್ಲ. ಮೇಲಿನ ಮಹಡಿಯಲ್ಲಿ ಕೆಲಸವಿಲ್ಲದೆ ಕೂತ ಹೆಂಗಸರ ಮಾತು ಮಳೆಯಂತೆ ಕೇಳುತ್ತಿತ್ತು.

ಹನ್ನೆರಡಕ್ಕೆ ಹಾಸಲು ಕೈ ಹಚ್ಚಿದರು. ಎರಡಕ್ಕೆ ಅವಳು ಉಕ್ಕಿನ ಬಲೆಯ ಕೈಗವಸು ತೊಟ್ಟಳು. ಬೆರಳು ಉಳಿಯಬೇಕಾದರೆ ಎಡಗೈಗೆ ಅದು ಬೇಕೇ ಬೇಕು. ಮಾಸ್ಟರನ ಕೈಯಳತೆಯದು, ಅವಳಿಗೆ ಜೋಲುತ್ತಿತ್ತು. ಚಿಂದಿಯೊಂದನ್ನು ಮಣಿಕಟ್ಟಿಗೆ ಸುತ್ತಿ ಬಿಗಿದಳು. ಗುಂಡಿ ಒತ್ತಿದಳು. ಅಲಗು ಬಟ್ಟೆಯೊಳಗೆ ಇಳಿಯಿತು. ದನಿ ಸರಿಯಾಗಿತ್ತು. ಆ ದನಿಯನ್ನು ಹಿಡಿದುಕೊಂಡೇ ಬೆನ್ನುಗಳನ್ನು ಸುತ್ತಿ, ಕತ್ತುಗಳನ್ನು ಸುತ್ತಿ, ಹನ್ನೆರಡು ಕಟ್ಟು ತೋಳುಗಳನ್ನು ಬಿಡಿಸಿಟ್ಟಳು. ನಾಲ್ಕೂಕಾಲಿಗೆ ಯಂತ್ರ ನಿಲ್ಲಿಸಿದಾಗ ಅಂಚುಗಳು ಬೆಣ್ಣೆ ಕೊಯ್ದಂತೆ ಇದ್ದವು.

ಕಟ್ಟು ಕಟ್ಟುತ್ತಿದ್ದ ಗುಂಡಕ್ಕ ತಮಾಷೆಗೆಂದು ಎರಡು ತೋಳುಗಳನ್ನು ಎರಡು ಭುಜದ ಮೇಲೆ ಹೊದ್ದುಕೊಂಡಳು. "ನೋಡೇ, ನನಗೆ ಮೊಣಕೈವರೆಗೂ ಬರಲ್ಲ..." ಎಂದವಳು ನಿಂತಳು. "ಇದೇನೇ ಇದು? ಈ ಕಡೆಯದು ಸರಿ ಕೂರುತ್ತೆ. ಆ ಕಡೆಯದು ಹಿಂದುಮುಂದಾಗಿದೆ."

ಅಡಿಪಟ್ಟಿ ಅವಳ ಎಡಭುಜದ ತೋಳನ್ನು ತೆಗೆದು ನೋಡಿದಳು. ಟಿ-ಶರ್ಟಿನ ತೋಳಿಗೆ ಮುಂದಿನ ಬಾಗು ಹಿಂದಿನದಕ್ಕಿಂತ ಸ್ವಲ್ಪ ಒಳಗೆ ಹೋಗಿರುತ್ತದೆ. ಎಡದ್ದು ಬಲಕ್ಕೆ ಆಗುವುದಿಲ್ಲ. ಇನ್ನೊಂದು ಕಟ್ಟು ತೆಗೆದಳು, ಬಲ. ಮತ್ತೊಂದು, ಬಲ. ಹನ್ನೆರಡು ಕಟ್ಟೂ ಬಲ. ಎಂಬತ್ತು ಹನ್ನೆರಡಲಿ ಒಂಬೈನೂರ ಅರವತ್ತು ಬಲತೋಳುಗಳು. ಎಡತೋಳು ಒಂದೂ ಇಲ್ಲ.

ತಪ್ಪು ಎಲ್ಲಿಂದ ಬಂತೆಂದು ಅವಳಿಗೆ ಆ ಕ್ಷಣವೇ ತಿಳಿಯಿತು. ಮನೆಯಲ್ಲಿ ಅವಳು ಎರಡು ವರ್ಷವೂ ಪತ್ರಿಕೆಯನ್ನು ಮಡಚಿಯೇ ಕತ್ತರಿಸಿದ್ದಳು. ಮಡಚಿದ ಕಾಗದದಲ್ಲಿ ಒಂದು ತೋಳು ಬರೆದರೆ ಎಡವೂ ಬಲವೂ ಜೋಡಿಯಾಗಿ ತಾವೇ ಬರುತ್ತವೆ. ಕಾರ್ಖಾನೆಯಲ್ಲಿ ಬಟ್ಟೆಯನ್ನು ಮಡಚುವುದಿಲ್ಲ, ಎಲ್ಲ ಪದರದ ಮುಖವೂ ಮೇಲಕ್ಕೆ. ರಟ್ಟನ್ನು ಒಮ್ಮೆ ಹೀಗೆ, ಒಮ್ಮೆ ಮಗುಚಿ ಬರೆಯಬೇಕು. ಮಾಸ್ಟರ್ ಬೆನ್ನು ಮಾಡಿ ನಿಂತು ಬಚ್ಚಿಟ್ಟದ್ದು ಬಹುಶಃ ಇಷ್ಟೇ.

ಗುಂಡಕ್ಕ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಯಾರಿಗೂ ಗೊತ್ತಿಲ್ಲ. ಕಟ್ಟಿ ಮೇಲೆ ಕಳಿಸಿಬಿಡೋಣ. ಹೊಲಿಯೋರ ತಪ್ಪು ಅಂತ..."

"ಸ್ವಲ್ಪ ಸುಮ್ಮನಿರು ಗುಂಡಕ್ಕ."

ಅವಳು ಮೇಜಿನ ಅಂಚಿಗೆ ಒರಗಿ ನಿಂತಳು. ಬಾಡಿಗೆ ನೆನಪಾಯಿತು, ಗಂಡನ ಇರುವೆ ನೆನಪಾಯಿತು. ಆಮೇಲೆ ಸಂಖ್ಯೆ ನೆನಪಾಯಿತು. ಒಂಬೈನೂರ ಅರವತ್ತು. ಬೇಕಾದ ಅಂಗಿಯೂ ಅಷ್ಟೇ. ಅಂದರೆ ಎಲ್ಲ ಅಂಗಿಯ ಬಲತೋಳೂ ಇವತ್ತೇ ಮುಗಿದಿದೆ. ನಾಳೆಯ ಹಾಸಿನಲ್ಲಿ ಹನ್ನೆರಡನ್ನೂ ಎಡ ಬರೆದರೆ ಒಂದು ನೂಲೂ ದಂಡವಿಲ್ಲ. ಎರಡು ಹಾಸಿಗೂ ಅಳತೆ ಒಂದೇ. ಬಣ್ಣ? ಬೇರೆ ಹಂಡೆಯದಾದರೆ ತೋಳಿಗೂ ಮೈಗೂ ಛಾಯೆ ಹೊಂದುವುದಿಲ್ಲ. ಸುರುಳಿಗಳ ಚೀಟಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ಎಲ್ಲವೂ ಒಂದೇ ಹಂಡೆಯಲ್ಲಿ ಬಣ್ಣ ಕಟ್ಟಿದವು.

ಮೆಟ್ಟಿಲು ಹತ್ತಿ ಮ್ಯಾನೇಜರ್ ಮೇಜಿನ ಮೇಲೆ ಎರಡು ತೋಳು ಇಟ್ಟಳು.

"ಎರಡೂ ಬಲ ಸಾರ್. ಎಲ್ಲವೂ ಬಲ. ತಪ್ಪು ನನ್ನದು."

ಅವರು ಕುರ್ಚಿಯಿಂದ ಅರ್ಧ ಎದ್ದರು.

"ನಾಳೆ ಎಲ್ಲ ಎಡ ಕತ್ತರಿಸ್ತೀನಿ. ಬಟ್ಟೆ ಹೆಚ್ಚಿಗೆ ಬೇಕಾಗಲ್ಲ. ಮೇಲಿನವರು ಈಗಿಂದ ಭುಜ ಕೂಡಿಸಲಿ, ಕತ್ತು ಹೊಲಿಯಲಿ. ತೋಳಿನ ಸರದಿ ಬರೋದು ಹೇಗೂ ಅದಾದ ಮೇಲೆ. ನಾಳೆ ಹನ್ನೊಂದಕ್ಕೆ ಎಡತೋಳು ಮೇಲೆ ಬಂದಿರುತ್ತೆ."

"ನಾಳೆಯೂ ಏನಾದ್ರೂ ಆದ್ರೆ?"

"ಆಗಲ್ಲ. ಬರೆದದ್ದನ್ನು ಕತ್ತರಿಸೋ ಮೊದಲು ಕಾಗದದ ತೋಳು ನಾನೇ ತೊಟ್ಟು ನೋಡ್ತೀನಿ."

ಮ್ಯಾನೇಜರ್ ಆ ಎರಡು ತೋಳುಗಳನ್ನು ಒಂದರ ಮೇಲೊಂದಿಟ್ಟು ನೋಡಿದರು. ಬಯ್ಯಲು ಬಾಯಿ ತೆರೆದು, ಗಡಿಯಾರ ನೋಡಿ, ಮುಚ್ಚಿದರು. "ಹೋಗಿ, ಭುಜ ಶುರು ಮಾಡಿಸಿ."

ಸುದ್ದಿ ಮೇಲಿನ ಮಹಡಿಗೆ ಅವಳಿಗಿಂತ ಮೊದಲೇ ತಲುಪಿತ್ತು. ಹೊಲಿಗೆಯವರ ಮುಖ್ಯಸ್ಥೆ ಕಟ್ಟು ಇಸಿದುಕೊಳ್ಳುತ್ತ, "ಏನೇ, ಕೈ ಇಲ್ಲದ ಮಕ್ಕಳಿಗಾ ಅಂಗಿ?" ಎಂದಳು. ಎಲ್ಲರೂ ನಕ್ಕರು.

"ಒಂದು ಕೈ ಇವತ್ತು ಕೊಟ್ಟಿದ್ದೀನಲ್ಲ ಅಕ್ಕ. ಇನ್ನೊಂದು ನಾಳೆ ಹನ್ನೊಂದಕ್ಕೆ."

ಬುಧವಾರ ಬೆಳಗ್ಗೆ ಅವಳು ರಟ್ಟಿನ ಮಾದರಿಯನ್ನು ಮಗುಚಿ, ಅದರ ಬೆನ್ನಿಗೆ ಕೆಂಪು ಮಸಿಯಲ್ಲಿ ದೊಡ್ಡದಾಗಿ "ಎಡ" ಎಂದು ಬರೆದಳು. ಕಾಗದದ ತೋಳೊಂದನ್ನು ಕತ್ತರಿಸಿ ಭುಜಕ್ಕೆ ಹಿಡಿದು, ಗುಂಡಕ್ಕನ ಭುಜಕ್ಕೂ ಹಿಡಿದು ನೋಡಿದಳು. ಎಡತೋಳು ಮೇಲೆ ಹೋದದ್ದು ಹನ್ನೊಂದಕ್ಕೆ ಐದು ನಿಮಿಷ ಇರುವಾಗ. ಶುಕ್ರವಾರ ಲಾರಿ ಹೊರಟದ್ದು ನಾಲ್ಕೂ ಹತ್ತಕ್ಕೆ. ಆ ಹತ್ತು ನಿಮಿಷ ಡ್ರೈವರನ ಚಹಾದ್ದು.

ಲಾರಿ ತಿರುವು ದಾಟಿದ ಮೇಲೆ ಮ್ಯಾನೇಜರ್ ಅವಳನ್ನು ಕರೆದರು. "ಚೆನ್ನಾಗಾಯ್ತು. ಹೊಸ ಮಾಸ್ಟರ್ ಬರೋವರೆಗೂ ಕೆಳಗಡೆ ನೀವೇ ನೋಡ್ಕೊಳ್ಳಿ."

ಅವಳು ಈ ಸಲವೂ ನೆಲ ನೋಡಬಹುದಿತ್ತು.

"ಬರೋವರೆಗೂ ಅಂದ್ರೆ ಆಗಲ್ಲ ಸಾರ್. ನನ್ನ ಹಳೇ ಜಾಗವನ್ನು ಸೋಮವಾರವೇ ಬೇರೆಯವರಿಗೆ ಕೊಟ್ರಿ. ಕೊಟ್ಟಮೇಲೆ ತೆಗೆಯಲ್ಲ ಅಂದ್ರಿ. ಹಿಂದಕ್ಕೆ ಹೋಗೋಕೆ ನನಗೆ ಜಾಗವೇ ಇಲ್ಲ. ಮುಂದಿನ ಜಾಗ ಕೊಡಿ."

"ಒಂಬೈನೂರ ಅರವತ್ತು ಬಲತೋಳು ಮರೆತುಬಿಟ್ರಾ?"

"ನಾನು ಮರೆಯಲ್ಲ. ನೀವೂ ಮರೀಬೇಡಿ. ನಿಮಗೆ ಅದನ್ನು ಮೊದಲು ತಂದು ತೋರಿಸಿದ್ದು ಯಾರು ಅನ್ನೋದನ್ನೂ ಮರೀಬೇಡಿ."

ಮ್ಯಾನೇಜರ್ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. "ಮುಂದಿನ ತಿಂಗಳು ಪ್ಯಾಂಟು ಬರ್ತಿದೆ. ಪ್ಯಾಂಟು ಬರುತ್ತಾ ನಿಮಗೆ?"

"ಇವತ್ತಿಗೆ ಬರಲ್ಲ. ಮುಂದಿನ ತಿಂಗಳು ಅಂದ್ರಲ್ಲ."

ಅವರು ನಕ್ಕದ್ದನ್ನು ಅವಳು ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ನೋಡಿದಳು. ಬೇರೆ ಊರಿನ ಮಾಸ್ಟರಿಗೆ ಬರುವುದು ಬೇಡವೆಂದು ಅವಳೆದುರೇ ಫೋನು ಮಾಡಿದರು. ಆಮೇಲೆ ಸಾಮಾನು ತರಿಸುವ ಚೀಟಿ ಎಳೆದುಕೊಂಡು, "ಕೈಗವಸು ಯಾವ ಅಳತೆ?" ಎಂದರು.

"ಎಲ್ಲಕ್ಕಿಂತ ಚಿಕ್ಕದು."

ಶನಿವಾರ ಹಳೆಯ ಮಾಸ್ಟರ್ ಫೋನು ಮಾಡಿದ. "ಏನು ಯೋಚನೆ ಮಾಡಿದೆ? ಹಾಸೋ ಕೆಲಸ ಇನ್ನೂ ಖಾಲಿ ಇದೆ."

"ಇಲ್ಲಿ ಒಬ್ಬಳೇ ಹಾಸ್ತಿದ್ದಾಳೆ ಮಾಸ್ಟರ್, ಎದುರು ಅಂಚು ಹಿಡಿಯೋಕೆ ಒಬ್ಬರು ಬೇಕು. ನಿಮಗೆ ಗೊತ್ತಿರೋರು ಯಾರಾದ್ರೂ ಇದ್ರೆ ನನ್ನ ಹತ್ರ ಕಳಿಸಿ. ಬೆನ್ನು ಮಾಡಿ ನಿಲ್ಲಲ್ಲ, ಕಲಿಸ್ತೀನಿ."

"ತೋಳು ಮಗುಚಿ ಬರೆದೆ ತಾನೆ?" ಎಂದು ಕೇಳಿದ ಮಾಸ್ಟರ್.

"ಎರಡನೇ ಹಾಸಿನಲ್ಲಿ," ಎಂದಳು. ಅವನು ಗಹಗಹಿಸಿ ನಕ್ಕು ಫೋನಿಟ್ಟ.

ಭಾನುವಾರ ಮಧ್ಯಾಹ್ನ ಅವಳು ಗಂಡನ ಹಳೆಯ ಪ್ಯಾಂಟೊಂದರ ಹೊಲಿಗೆ ಬಿಚ್ಚಿ ಭಾಗ ಭಾಗವಾಗಿ ನೆಲದ ಮೇಲೆ ಇಟ್ಟಿದ್ದಳು. ಗಂಡ ಬಾಗಿಲಲ್ಲಿ ನಿಂತು, "ಅದು ಅಷ್ಟೇನೂ ಹಳೇದಾಗಿರಲಿಲ್ಲ," ಎಂದ, ಬ್ರೇಕಿನ ಮೇಲಿಂದ ಕಾಲು ತೆಗೆಯದೆ. ಅವಳು ಅಂದಿನ ಪತ್ರಿಕೆಗೆ ಕೈ ಚಾಚಿದಳು. ಅತ್ತೆ ಅದನ್ನು ಎದೆಗೆ ಅವುಚಿಕೊಂಡರು.

"ಮಾಸ್ಟರ್ ಆದೆಯಲ್ಲೇ! ಇನ್ನಾದ್ರೂ ನನ್ನ ಪದಬಂಧ ಉಳಿಯುತ್ತೆ ಅಂದ್ಕೊಂಡಿದ್ದೆ."

"ಪ್ಯಾಂಟು ಕಲೀಬೇಕು ಅತ್ತೆ."

ಅತ್ತೆ ಪದಬಂಧದ ಮೂಲೆಯನ್ನು ಎಚ್ಚರದಿಂದ ಹರಿದುಕೊಂಡು ಉಳಿದದ್ದನ್ನು ಕೊಟ್ಟರು. ಅವಳು ಪುಟವನ್ನು ನೆಲದ ಮೇಲೆ ಹರಡಿ, ಅಂಗೈಯಿಂದ ಸುಕ್ಕು ತೀಡಿದಳು. ಕೈ ಅಭ್ಯಾಸಬಲದಿಂದ ಪುಟದ ತುದಿ ಹಿಡಿದು ನಡುವಿಗೆ ಎತ್ತಿತು. ಅಲ್ಲಿಗೇ ನಿಲ್ಲಿಸಿ, ಅದನ್ನು ಮತ್ತೆ ಬಿಚ್ಚಿ ಹಾಸಿದಳು. ಬಲಗಾಲು ಬರೆದಳು. ಅದರ ಪಕ್ಕದಲ್ಲಿ, ಮಗುಚಿ, ಎಡಗಾಲು.